ಅವಳಿಗೆ ತವರು ಇಲ್ವಾ?

(ಮಡಿಕೇರಿಯಲ್ಲಿ ಆಡಿದ ಮಾತನ್ನು ಆಮೇಲೆ ಕೂತು ಬರೆದದ್ದು. ಸಭೆಯಲ್ಲಿ ನಡುನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ. ಯಾಕೆಂದರೆ ಮಾತು ದಾರಿ ಹಿಡಿದದ್ದೇ ಆ ಪ್ರಶ್ನೆಗಳಿಂದ.)

ನಮಸ್ಕಾರ. ಹೊರಗೆ ಈ ಪಾಟಿ ಮಳೆ ಸುರಿಯುತ್ತಿದ್ದರೂ ಬಂದಿದ್ದೀರಿ. ಬೆಳಿಗ್ಗೆ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ನೋಡಿಕೊಂಡು ಬಂದೆ. ಈಗ ಅದು ಮ್ಯೂಸಿಯಂ ಆಗಿದೆ, ನಿಮಗೆ ಗೊತ್ತಿರುವುದೇ. ನಾನು ಹೇಳಬೇಕೆಂದಿರುವುದು ಮನೆಯೇ ಇಲ್ಲದ ಸೈನಿಕರ ವಿಷಯ. ಅದರಲ್ಲೂ ಹೆಂಗಸರದ್ದು, ಅವರ ಮಕ್ಕಳದ್ದು. ಅದೂ ಅಮೆರಿಕದ್ದು.

ನಾನು ಹದಿನೇಳು ವರ್ಷದಿಂದ ಸ್ಯಾನ್ ಡಿಯೇಗೋದಲ್ಲಿದ್ದೇನೆ. ಅದು ನೇವಿ ಊರು. ಬಂದರಿನಲ್ಲಿ ಯುದ್ಧನೌಕೆಗಳು, ಉತ್ತರಕ್ಕೆ ಹೋದರೆ ಮರೀನ್‌ಗಳ ದೊಡ್ಡ ಕ್ಯಾಂಪು. ತರಕಾರಿ ಅಂಗಡಿಯ ಕ್ಯೂನಲ್ಲಿ ಹಿಂದೆ ನಿಂತವರು ಯೂನಿಫಾರ್ಮಿನಲ್ಲಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಚ್ಚು ಕಡಿಮೆ ನಿಮ್ಮ ಊರಿನ ಹಾಗೇ ಅನ್ನಿ.

ಪ್ರತಿ ವರ್ಷ ಜನವರಿ ಕೊನೆಯಲ್ಲಿ ಅಮೆರಿಕದ ಉದ್ದಗಲಕ್ಕೂ ಒಂದು ರಾತ್ರಿಯ ಲೆಕ್ಕ ತೆಗೆಯುತ್ತಾರೆ. ಆ ರಾತ್ರಿ ಎಷ್ಟು ಜನ ಮನೆಯಿಲ್ಲದೆ ಮಲಗಿದ್ದರು ಅಂತ. ಲೆಕ್ಕ ಬೇಕಾಗಿರುವುದು ಕೇಂದ್ರ ಸರ್ಕಾರದ ವಸತಿ ಇಲಾಖೆಗೆ. ಬೀದಿ ಸುತ್ತುವವರಲ್ಲಿ ನನ್ನಂಥ ಸ್ವಯಂಸೇವಕರೇ ಜಾಸ್ತಿ. ನಮ್ಮೂರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಶುರು. ಕೈಯಲ್ಲಿ ಟಾರ್ಚು, ಫೋನಿನಲ್ಲಿ ಒಂದು ಆ್ಯಪ್, ಮೈಮೇಲೆ ಹೊಳೆಯುವ ಜಾಕೆಟ್ಟು.

ಮೊದಲ ವರ್ಷ ನಮ್ಮ ತಂಡದ ಪಾಲಿಗೆ ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್ ಜಾಗ ಬಂತು. ಮೂಲೆಯಲ್ಲಿ, ದೀಪದ ಕಂಬದಿಂದ ಸ್ವಲ್ಪ ಆಚೆ, ಒಂದು ಹಳೇ ಕಾರು. ಮುಂದಿನ ಗಾಜಿಗೆ ಬಿಸಿಲಿಗೆ ಅಡ್ಡ ಹಾಕುವ ಬೆಳ್ಳಿ ಬಣ್ಣದ ಹಾಳೆ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲಿಯ ಬಿಸಿಲು? ಪಕ್ಕದ ಕಿಟಕಿಗಳಿಗೆ ಟವೆಲ್ಲು ಸಿಕ್ಕಿಸಿ ಗಾಜು ಏರಿಸಿದ್ದರು. ಹಿಂದಿನ ಗಾಜಿನ ಒಳಗಡೆ ಉಸಿರಿನ ಹಬೆ ಕಟ್ಟಿತ್ತು. ಕಾರಿನ ಹೊರಗೆ, ಹಿಂದಿನ ಚಕ್ರಕ್ಕೆ ಒರಗಿಸಿ, ಮಗುವನ್ನು ಕೂರಿಸುವ ಸೀಟು ಇಟ್ಟಿದ್ದರು. ಅದು ಯಾಕೆ ಹೊರಗಿದೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಜೊತೆಗಿದ್ದವರು ಹೇಳಿದರು. ಸೀಟು ಒಳಗಿದ್ದರೆ ಮಗುವಿಗೆ ಕಾಲು ಚಾಚಲು ಜಾಗ ಆಗುವುದಿಲ್ಲ. ಮಲಗುವಾಗ ತೆಗೆದು ಹೊರಗಿಡುತ್ತಾರೆ, ಬೆಳಿಗ್ಗೆ ಮತ್ತೆ ಒಳಗೆ ಕಟ್ಟುತ್ತಾರೆ.

ನಮಗೆ ಮೊದಲೇ ಹೇಳಿದ್ದರು, ಮಲಗಿದವರನ್ನು ಎಬ್ಬಿಸಬೇಡಿ, ಗಾಜು ತಟ್ಟಬೇಡಿ, ಜನ ಮಲಗಿರುವ ಕಾರು ಅಂತ ಗುರುತು ಹಾಕಿಕೊಂಡು ಮುಂದೆ ಹೋಗಿ ಅಂತ. ಹಾಗೇ ಮಾಡಿದೆವು. ಆ್ಯಪಿನಲ್ಲಿ ಮಿಲಿಟರಿಯಲ್ಲಿ ಕೆಲಸ ಮಾಡಿದ್ದೀರಾ ಅನ್ನುವ ಪ್ರಶ್ನೆಯೂ ಇತ್ತು. ಯಾರನ್ನು ಕೇಳುವುದು? ಖಾಲಿ ಬಿಟ್ಟೆವು. ಆ ಕಾರಿನಲ್ಲಿದ್ದವರು ಸೈನ್ಯದಿಂದ ಬಂದವರೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಂಗಸೋ ಗಂಡಸೋ ಅದೂ ಗೊತ್ತಿಲ್ಲ. ಆ ಖಾಲಿ ಬಿಟ್ಟ ಜಾಗ ಮಾತ್ರ ತಲೆಯಲ್ಲಿ ಉಳಿದುಕೊಂಡುಬಿಟ್ಟಿತು. ಆಮೇಲೆ ಓದಲು ಶುರು ಮಾಡಿದೆ, ಮಾಜಿ ಸೈನಿಕ ಹೆಂಗಸರಿಗೆ ಕಾಗದ ಪತ್ರ ತುಂಬಿಸುವ ಕೆಲಸಕ್ಕೆ ವಾರಕ್ಕೊಮ್ಮೆ ಹೋಗಲು ಶುರು ಮಾಡಿದೆ.

ಲೆಕ್ಕದ ಮಾತು ಒಂದಿಷ್ಟು ಹೇಳಿ ಮುಗಿಸುತ್ತೇನೆ. 2024ರ ಜನವರಿಯ ಆ ಒಂದು ರಾತ್ರಿ ಅಮೆರಿಕದಲ್ಲಿ ಮನೆಯಿಲ್ಲದವರು 7,71,480 ಮಂದಿ. ಈ ಲೆಕ್ಕ ಶುರುವಾದ ಮೇಲೆ ಇಷ್ಟು ಜಾಸ್ತಿ ಯಾವತ್ತೂ ಇರಲಿಲ್ಲ. ಅವರಲ್ಲಿ ಮಾಜಿ ಸೈನಿಕರು 32,882. ಇದು ಉಲ್ಟಾ. ಇಷ್ಟು ಕಡಿಮೆ ಯಾವತ್ತೂ ಇರಲಿಲ್ಲ. 2010ರಲ್ಲಿ ಸುಮಾರು 74 ಸಾವಿರ ಇತ್ತು. ಅಂದರೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಸರ್ಕಾರ ಮನಸ್ಸು ಮಾಡಿ ದುಡ್ಡು ಹಾಕಿದರೆ ಆಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ, ಇದನ್ನು ನಾನು ಮುಚ್ಚಿಡುವುದಿಲ್ಲ. ಆ 32 ಸಾವಿರದಲ್ಲಿ ಹತ್ತರಲ್ಲಿ ಒಬ್ಬರು ಹೆಂಗಸರು. ಕಡಿಮೆ ಅನ್ನಿಸಬಹುದು. ಆದರೆ ಸೈನ್ಯದಲ್ಲಿ ಇರದಿದ್ದ ಹೆಂಗಸರಿಗೆ ಹೋಲಿಸಿದರೆ, ಸೈನ್ಯದಲ್ಲಿದ್ದು ಬಂದವರು ಬೀದಿಗೆ ಬೀಳುವ ಸಂಭವ ಎರಡರಿಂದ ನಾಲ್ಕು ಪಟ್ಟು ಜಾಸ್ತಿ ಅಂತ 2003ರಷ್ಟು ಹಿಂದೆಯೇ ಸಂಶೋಧಕರು ಬರೆದಿದ್ದರು.

ಇಷ್ಟು ಹೇಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಸುಬೇದಾರರೊಬ್ಬರು ಕೈ ಎತ್ತಿದರು.

"ಅಲ್ಲಮ್ಮಾ, ಅವರಿಗೆ ಪೆನ್ಶನ್ ಬರಲ್ವಾ?"

ಅಮೆರಿಕದಲ್ಲಿ ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮ ಜವಾನ್ ಹದಿನೈದು ವರ್ಷ ದುಡಿದರೆ ಪಿಂಚಣಿ, ಕ್ಯಾಂಟೀನ್ ಕಾರ್ಡು, ಆಸ್ಪತ್ರೆ ಎಲ್ಲ ಇದೆ. ಅಲ್ಲಿ ಪಿಂಚಣಿಗೆ ಇಪ್ಪತ್ತು ವರ್ಷ ಆಗಬೇಕು. ಬಹುಪಾಲು ಜನ ಅಷ್ಟು ದಿನ ಇರುವುದೇ ಇಲ್ಲ. ಹದಿನೆಂಟಕ್ಕೆ ಸೇರುತ್ತಾರೆ, ನಾಲ್ಕು ವರ್ಷಕ್ಕೋ ಆರು ವರ್ಷಕ್ಕೋ ಸಹಿ ಹಾಕಿರುತ್ತಾರೆ, ಮುಗಿಯಿತು, ಹೊರಗೆ. ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಮಾಜಿ ಸೈನಿಕ. ಗಾಯವೋ ಕಾಯಿಲೆಯೋ ಸೇವೆಯಿಂದಲೇ ಆದದ್ದು ಅಂತ ಸಾಬೀತಾದರೆ ತಿಂಗಳಿಗೆ ಇಷ್ಟು ಅಂತ ಪರಿಹಾರ ಬರುತ್ತದೆ. ಸಾಬೀತು ಮಾಡಲು ತಿಂಗಳುಗಟ್ಟಲೆ ಕಾಯಬೇಕು.

"ನಾಲ್ಕು ವರ್ಷ ಅಂದ್ರೆ ನಮ್ಮ ಅಗ್ನಿವೀರ್ ತರಹ," ಅಂದರು ಹಿಂದಿನಿಂದ ಯಾರೋ. ಸಭೆ ನಕ್ಕಿತು, ಆದರೆ ಪೂರ್ತಿ ನಗಲಿಲ್ಲ.

ಕೊನೆಯ ದಿನ ಏನಾಗುತ್ತದೆ ನೋಡಿ. ಸೇವೆಯಲ್ಲಿರುವವರಿಗೆ ಸಂಬಳದ ಜೊತೆ ಬಾಡಿಗೆಯ ಭತ್ಯೆ ಬರುತ್ತದೆ. ಮಗು ಇದ್ದರೆ ಸ್ವಲ್ಪ ಜಾಸ್ತಿಯೇ ಬರುತ್ತದೆ. ಅಥವಾ ಕ್ಯಾಂಪಿನೊಳಗೆ ಕ್ವಾರ್ಟರ್ಸ್. ಕ್ಯಾಂಪಿನಲ್ಲೇ ಮಗು ನೋಡಿಕೊಳ್ಳುವ ಕೇಂದ್ರ, ಹೊರಗಿನ ದರಕ್ಕಿಂತ ಎಷ್ಟೋ ಕಡಿಮೆಗೆ. ಆಸ್ಪತ್ರೆ ಅಲ್ಲೇ. ಗೆಳತಿಯರು ಅಲ್ಲೇ. ಡಿಸ್ಚಾರ್ಜ್ ಆದ ದಿನ ಸಂಬಳ ನಿಲ್ಲುತ್ತದೆ, ಬಾಡಿಗೆ ಭತ್ಯೆ ನಿಲ್ಲುತ್ತದೆ, ಬಾಲವಾಡಿಯೂ ಹೋಗುತ್ತದೆ. ಗಂಡನೂ ಸೈನ್ಯದಲ್ಲಿದ್ದು ಅಷ್ಟರಲ್ಲಿ ಅವಳನ್ನು ಬಿಟ್ಟು ಹೋಗಿದ್ದರೆ ಮುಗಿಯಿತು. ಮನೆ ಬಾಡಿಗೆಗೆ ಕೇಳಿದರೆ ಮೊದಲ ತಿಂಗಳ ಬಾಡಿಗೆ, ಅದರ ಮೇಲೆ ಡೆಪಾಸಿಟ್ಟು, ನಮ್ಮಲ್ಲಿ ಅಡ್ವಾನ್ಸ್ ಅಂತೀವಲ್ಲ ಅದು, ಸಂಬಳದ ಚೀಟಿ, ಸಾಲದ ಚರಿತ್ರೆ. ಕೆಲಸಕ್ಕೆ ಹೋಗಲು ಮಗುವನ್ನು ಬಿಡಲು ಜಾಗ ಬೇಕು. ಮಗುವನ್ನು ಬಿಡಲು ದುಡ್ಡು ಬೇಕು. ದುಡ್ಡಿಗೆ ಕೆಲಸ ಬೇಕು.

ಓದಲು ಹೋದರೆ ಸರ್ಕಾರ ಫೀಸು ಕಟ್ಟುತ್ತದೆ, ಮೇಲೆ ಬಾಡಿಗೆಗೂ ಕೊಡುತ್ತದೆ. 2009ರಿಂದ ಇರುವ ಒಳ್ಳೆಯ ಯೋಜನೆ ಅದು, ಬಹಳ ಜನರನ್ನು ಮೇಲಕ್ಕೆತ್ತಿದೆ. ಆದರೆ 2011ರಿಂದ, ಎರಡು ಸೆಮಿಸ್ಟರ್ ನಡುವಿನ ರಜೆಗೆ ಬಾಡಿಗೆ ಹಣ ಇಲ್ಲ. ಕ್ಲಾಸು ನಡೆದ ದಿನಗಳಿಗೆ ಮಾತ್ರ. ಡಿಸೆಂಬರಿನಲ್ಲಿ ಕಾಲೇಜಿಗೆ ರಜೆ ಇರುತ್ತದೆ, ಮನೆ ಮಾಲೀಕನಿಗೆ ರಜೆ ಇರುವುದಿಲ್ಲ. ನಾನು ಕಾಗದ ತುಂಬಿಸಿಕೊಟ್ಟ ಒಬ್ಬಾಕೆ ಹೀಗೆಯೇ ಒಂದು ಬೇಸಿಗೆಯಲ್ಲಿ ಬಾಡಿಗೆ ಬಾಕಿ ಮಾಡಿಕೊಂಡು ಮನೆ ಕಳೆದುಕೊಂಡವಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಇತ್ತು.

ಆಕೆಯನ್ನು ಮೊದಲ ದಿನ ನಾನು ಇಂಗ್ಲಿಷಿನಲ್ಲಿ ಕೇಳಿದ್ದು 'ನೀವು ವೆಟರನ್ನಾ?' ಅಂತ, ಅಂದರೆ ಮಾಜಿ ಸೈನಿಕರಾ ಅಂತ. ಅಲ್ಲ ಅಂದಳು. ನಾನು ಇನ್ನೊಂದು ಕೌಂಟರಿಗೆ ಕಳಿಸಿಬಿಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ಕಾರ್ಯಕರ್ತೆ ತಡೆದು ಬೇರೆ ಥರ ಕೇಳಿದರು. "ಮಿಲಿಟರಿಯಲ್ಲಿ ಯಾವತ್ತಾದರೂ ಕೆಲಸ ಮಾಡಿದ್ದೀಯಾ?" ಹೌದು ಅಂದಳು. ನೇವಿಯಲ್ಲಿ ಐದು ವರ್ಷ. 'ವೆಟರನ್' ಅಂದರೆ ಯುದ್ಧದಲ್ಲಿ ಗುಂಡು ಹಾರಿಸಿದ ಗಂಡಸು, ಟೋಪಿ ಹಾಕಿಕೊಂಡ ಅಜ್ಜ ಅಂತ ಅವಳ ತಲೆಯಲ್ಲೂ ಇತ್ತು, ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲೂ ಇತ್ತು. ಈಗ ತರಬೇತಿಯಲ್ಲೇ ಹೇಳಿಕೊಡುತ್ತಾರೆ, ಹೆಂಗಸರನ್ನು ಆ ಎರಡನೇ ಥರವೇ ಕೇಳಿ ಅಂತ. ಪ್ರಶ್ನೆ ಬದಲಾದರೆ ಲೆಕ್ಕವೇ ಬದಲಾಗುತ್ತದೆ.

ಅವಳ ತಲೆಯಲ್ಲಿ ಅದು ಹೇಗೆ ಕೂತಿತು ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಮಾಜಿ ಸೈನಿಕರ ಇಲಾಖೆಯ ಗೋಡೆ ನೋಡಿದ್ದರೆ ಸಾಕಾಗಿತ್ತು. 1865ರಲ್ಲಿ ಲಿಂಕನ್ ಎರಡನೇ ಸಲ ಅಧ್ಯಕ್ಷರಾದಾಗ ಮಾಡಿದ ಭಾಷಣದಲ್ಲಿ ಒಂದು ಮಾತು ಬರುತ್ತದೆ. ಯುದ್ಧದ ಭಾರ ಹೊತ್ತವನನ್ನೂ ಅವನ ವಿಧವೆಯನ್ನೂ ಅವನ ಅನಾಥ ಮಗುವನ್ನೂ ನೋಡಿಕೊಳ್ಳೋಣ ಅಂತ. ದೊಡ್ಡ ಮನುಷ್ಯನ ದೊಡ್ಡ ಮಾತೇ. 1959ರಲ್ಲಿ ಇಲಾಖೆ ಅದನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡಿತು. ಆ ವಾಕ್ಯದಲ್ಲಿ ಹೆಂಗಸಿಗೆ ಜಾಗ ಇದೆ, ವಿಧವೆಯಾಗಿ. ಮಗುವಿಗೂ ಜಾಗ ಇದೆ, ಅಪ್ಪ ಸತ್ತಿದ್ದರೆ. ಅಮ್ಮನೇ ಯುದ್ಧಕ್ಕೆ ಹೋಗಿ ಬಂದಿದ್ದು, ಮಗು ಅವಳ ಸೊಂಟದ ಮೇಲೇ ಕೂತಿದ್ದರೆ? 2023ರ ಮಾರ್ಚಿನಲ್ಲಿ ಆ ವಾಕ್ಯ ಬದಲಾಯಿಸಿದರು, ಸೈನ್ಯದಲ್ಲಿ ದುಡಿದ ಎಲ್ಲರೂ, ಅವರ ಕುಟುಂಬದವರೂ ಅಂತ. ಗೋಡೆ ಮೇಲಿನ ಅಕ್ಷರ ಬದಲಾಗಲು ಅಷ್ಟು ಕಾಲ ಬೇಕಾಯಿತು. ಇಲಾಖೆಯ ಆಸ್ಪತ್ರೆಗೆ ಹೋದ ಹೆಂಗಸರನ್ನು 'ಯಜಮಾನರು ಎಲ್ಲಿ?' ಅಂತ ಕೇಳುವುದು ಇನ್ನೂ ನಿಂತಿಲ್ಲ.

ಸೈನ್ಯಕ್ಕೂ ತಾಯಿಗೂ ಹಳೇ ಜಗಳ ಇತ್ತು. 1951ರಲ್ಲಿ ಅಧ್ಯಕ್ಷ ಟ್ರೂಮನ್ ಒಂದು ಆದೇಶ ಹೊರಡಿಸಿದರು. ಸೈನ್ಯದಲ್ಲಿರುವ ಹೆಂಗಸು ಬಸುರಿಯಾದರೆ ಅಥವಾ ಚಿಕ್ಕ ಮಗುವಿನ ಜವಾಬ್ದಾರಿ ಅವಳಿಗೆ ಬಂದರೆ ಅವಳನ್ನು ಮನೆಗೆ ಕಳಿಸಬಹುದು. 70ರ ದಶಕದ ನಡುವಿನವರೆಗೂ ಹೀಗೇ ನಡೆಯಿತು. ಈಗ ಹಾಗಿಲ್ಲ. ಈಗ ಒಂಟಿ ತಾಯಿ ಒಂದು ಫಾರಂ ತುಂಬಿಡಬೇಕು, ನನ್ನನ್ನು ಹೊರದೇಶಕ್ಕೆ ಕಳಿಸಿದರೆ ಮಗುವನ್ನು ಇಂಥವರು ನೋಡಿಕೊಳ್ಳುತ್ತಾರೆ ಅಂತ. ಯುದ್ಧಕ್ಕೆ ಹೋಗುವಾಗ ಮಗು ಎಲ್ಲಿರುತ್ತದೆ ಅಂತ ಸೈನ್ಯ ಕೇಳುತ್ತದೆ. ಸೈನ್ಯ ಬಿಟ್ಟು ಹೋಗುವಾಗ ಅಂಥದೊಂದು ಫಾರಂ ಇಲ್ಲ.

ಸರಿ, ಬೀದಿಗೆ ಬಂದಳು. ಮಾಜಿ ಸೈನಿಕರಿಗೆಂದೇ ತಾತ್ಕಾಲಿಕ ವಸತಿಗಳಿವೆ. ಸಂಘ ಸಂಸ್ಥೆಗಳು ನಡೆಸುತ್ತವೆ, ಇಲಾಖೆ ದಿನಕ್ಕೆ ತಲೆಗಿಷ್ಟು ಅಂತ ದುಡ್ಡು ಕೊಡುತ್ತದೆ. ಯಾರ ತಲೆಗೆ? ಮಾಜಿ ಸೈನಿಕರ ತಲೆಗೆ. ಮಗು ಸೈನ್ಯದಲ್ಲಿ ಇರಲಿಲ್ಲವಲ್ಲ! ಹಾಗಾಗಿ ಮಗುವಿನ ಊಟಕ್ಕೆ, ಹಾಸಿಗೆಗೆ ಲೆಕ್ಕವಿಲ್ಲ. 2011ರ ಕೊನೆಯಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕ ತನಿಖೆ ಕಚೇರಿ, ನಮ್ಮ ಸಿಎಜಿ ಥರದ್ದು, ಈ ವಿಷಯದ ಮೇಲೆ ಒಂದು ವರದಿ ಕೊಟ್ಟಿತು. ಹೆಂಗಸರನ್ನು ಸೇರಿಸಿಕೊಳ್ಳುವ ಇಂಥ ವಸತಿಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಕಡೆ ಮಕ್ಕಳಿಗೆ ಪ್ರವೇಶವಿಲ್ಲ. ಸೇರಿಸಿಕೊಳ್ಳುವ ಕಡೆಯೂ ಇಷ್ಟೇ ಮಕ್ಕಳು, ಇಷ್ಟೇ ವಯಸ್ಸು ಅಂತ ಕಟ್ಟುಪಾಡು. ಇಲಾಖೆ ಗುರುತಿಸಿದ ಮನೆಯಿಲ್ಲದ ಮಾಜಿ ಸೈನಿಕ ಹೆಂಗಸರ ಸಂಖ್ಯೆ 2006ರಲ್ಲಿ 1,380 ಇದ್ದದ್ದು 2010ಕ್ಕೆ 3,328 ಆಗಿತ್ತು. ಅವರಲ್ಲಿ ಬಹಳ ಜನರಿಗೆ ಮಕ್ಕಳಿದ್ದರು.

ವಯಸ್ಸಿನ ಕಟ್ಟುಪಾಡು ಅಂದೆನಲ್ಲ, ಅದು ಜಾಸ್ತಿ ಹೊಡೆಯುವುದು ಗಂಡುಮಕ್ಕಳಿಗೆ. ಹೆಂಗಸರ ಶೆಲ್ಟರಿನಲ್ಲಿ ಹದಿಮೂರು ಹದಿನಾಲ್ಕರ ಹುಡುಗನನ್ನು ಎಷ್ಟೋ ಕಡೆ ಸೇರಿಸುವುದಿಲ್ಲ. ಅಮ್ಮ ಒಂದು ಕಡೆ, ಮಗ ಗಂಡಸರ ವಾರ್ಡಿನಲ್ಲಿ ಇನ್ನೊಂದು ಕಡೆ. ಯಾವ ತಾಯಿ ಒಪ್ಪುತ್ತಾಳೆ? ಹೆಣ್ಣುಮಗುವಿದ್ದರೆ ಬೇರೆ ಭಯ. ಗಂಡಸರೇ ತುಂಬಿದ ಕಟ್ಟಡದಲ್ಲಿ ಒಂದು ಮಹಡಿ ಹೆಂಗಸರಿಗೆ. ಕೆಲವು ಕಡೆ ಬಾಗಿಲಿಗೆ, ಬಚ್ಚಲಿಗೆ ಸರಿಯಾದ ಬೀಗವೂ ಇರಲಿಲ್ಲ ಅಂತ ಸರ್ಕಾರದ ತಪಾಸಣೆಗಳೇ ಬರೆದಿವೆ.

ಬೀಗದ ವಿಷಯ ನಿಮಗೆ ಚಿಕ್ಕದು ಅನ್ನಿಸಬಹುದು. ಇದನ್ನು ಇಲ್ಲಿ ಹೇಳಲು ನನಗೆ ಹಿಂಜರಿಕೆ ಇತ್ತು. ಮನೆಗೊಬ್ಬರು ಸೈನ್ಯದಲ್ಲಿರುವ ಊರು ಇದು. ಆದರೂ ಹೇಳದೆ ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಅಲ್ಲಿ ಇಲಾಖೆಯ ಆಸ್ಪತ್ರೆಗೆ ಬಂದ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಾರೆ, ಸೇವೆಯಲ್ಲಿದ್ದಾಗ ನಿಮ್ಮ ಮೇಲೆ ಲೈಂಗಿಕ ಹಲ್ಲೆಯೋ ಕಿರುಕುಳವೋ ಆಗಿತ್ತಾ ಅಂತ. ಹೆಂಗಸರಲ್ಲಿ ಮೂವರಲ್ಲಿ ಒಬ್ಬರು ಹೌದು ಅನ್ನುತ್ತಾರೆ. 2010ರಲ್ಲಿ ಲಾಸ್ ಏಂಜಲೀಸ್ ಕಡೆ ಮಾಡಿದ ಒಂದು ಚಿಕ್ಕ ಅಧ್ಯಯನದಲ್ಲಿ ಮನೆಯಿರುವವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದರು. ಮನೆಯಿರುವವರಲ್ಲಿ ಇಂಥದ್ದು ಆದವರು ನೂರಕ್ಕೆ ಸುಮಾರು 27. ಮನೆಯಿಲ್ಲದವರಲ್ಲಿ 53. ಮಾಡಿದವನು ಶತ್ರುವಲ್ಲ, ಪಕ್ಕದ ಬ್ಯಾರಕ್ಕಿನವನು. ಹಾಗಿರುವಾಗ ಬೀಗವಿಲ್ಲದ ಕೋಣೆಗಿಂತ ಕಾರೇ ವಾಸಿ ಅನ್ನಿಸಿದರೆ ತಪ್ಪೇನು? ಕಾರಿನ ನಾಲ್ಕೂ ಬಾಗಿಲು ಒಳಗಿನಿಂದ ಲಾಕ್ ಆಗುತ್ತದೆ.

ಆಗ ಎದ್ದು ನಿಂತವರು ಬಲಗಡೆ ಕೂತಿದ್ದ ಒಬ್ಬ ಅಜ್ಜಿ. ತುಂಬಾ ಹೊತ್ತಿನಿಂದ ತಡೆದುಕೊಂಡಿದ್ದರು ಅಂತ ಕಾಣುತ್ತದೆ.

"ಎಲ್ಲಾ ಸರಿ ಮಗಳೇ. ಅವಳಿಗೆ ತವರು ಇಲ್ವಾ?"

ನೋಡಿ, ನಮ್ಮ ಪ್ರಶ್ನೆ ಇದು. ಗಂಡ ಬಿಟ್ಟರೆ, ಕೆಲಸ ಹೋದರೆ, ಮಗುವನ್ನು ಎತ್ತಿಕೊಂಡು ತವರಿಗೆ. ಅಣ್ಣನ ಹೆಂಡತಿ ಮುಖ ಗಂಟಿಕ್ಕಬಹುದು, ಆದರೆ ಒಂದು ಮೂಲೆ ಸಿಗುತ್ತದೆ. ಅದೇ ಲಾಸ್ ಏಂಜಲೀಸಿನ ಸಂಶೋಧಕರು ಮನೆಯಿಲ್ಲದ 29 ಮಾಜಿ ಸೈನಿಕ ಹೆಂಗಸರನ್ನು ಗುಂಪು ಗುಂಪಾಗಿ ಕೂರಿಸಿಕೊಂಡು ಮಾತಾಡಿಸಿದರು. ಎಲ್ಲಿಂದ ಶುರುವಾಯಿತು ಅಂತ ಕೇಳಿದರೆ ಮಾತು ಸೈನ್ಯಕ್ಕಿಂತ ಹಿಂದಕ್ಕೆ, ಬಾಲ್ಯಕ್ಕೆ ಹೋಗುತ್ತಿತ್ತು. ಹೊಡೆತ, ಕುಡಿತ, ಹೇಳಿಕೊಳ್ಳಲಾಗದ ಇನ್ನಷ್ಟು. ಹದಿನೆಂಟು ತುಂಬಿದ ಕೂಡಲೇ ಸೈನ್ಯಕ್ಕೆ ಸೇರಿದ್ದು ಆ ಮನೆಯಿಂದ ತಪ್ಪಿಸಿಕೊಳ್ಳಲು. ಅಜ್ಜಿ, ಅವಳು ಓಡಿ ಬಂದದ್ದೇ ತವರಿನಿಂದ. ಸೈನ್ಯವನ್ನೇ ತವರು ಅಂದುಕೊಂಡಿದ್ದಳು.

ಎಲ್ಲರ ಕಥೆಯೂ ಹೀಗೇ ಅಂತ ತಿಳಿಯಬೇಡಿ. ತವರು ಚೆನ್ನಾಗಿದ್ದೂ ಸೋಫಾದ ಮೇಲೆ ಮಲಗಿದವರಿದ್ದಾರೆ. ಜ್ಯಾಸ್ ಬೂತ್ ಅನ್ನುವವರ ಕಥೆ ಅಲ್ಲಿ ಬಹಳ ಜನರಿಗೆ ಗೊತ್ತು, ಅವರೇ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಸೈನ್ಯದ ಅಧಿಕಾರಿ, ಒಂಟಿ ತಾಯಿ, ಒಬ್ಬ ಮಗ. ಮನೆ ನ್ಯೂ ಆರ್ಲಿಯನ್ಸಿನಲ್ಲಿ. 2005ರಲ್ಲಿ ಇರಾಕಿಗೆ ಹೊರಡುವ ತಯಾರಿಯಲ್ಲಿದ್ದಾಗ ಕತ್ರಿನಾ ಚಂಡಮಾರುತ ಬಂತು. ಮನೆ, ಸಾಮಾನು ಎಲ್ಲ ಹೋಯಿತು. ಅದರ ಬೆನ್ನಿಗೇ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆ ಮುಗಿಸಿ ಸಹಾಯ ಕೇಳಲು ಹೋದರೆ, ಮಗು ಇರುವ ಹೆಂಗಸಿಗೆ ಇಲ್ಲಿ ಏನೂ ಇಲ್ಲ, ಬಡವರ ಕಲ್ಯಾಣ ಕಚೇರಿಗೆ ಹೋಗಿ ಅಂದರಂತೆ. ಮಿಸ್ಸೌರಿಯಲ್ಲಿದ್ದ ಒಬ್ಬ ಆಂಟಿಯ ಮನೆಯ ಸೋಫಾ ಗತಿಯಾಯಿತು. (ಚಿಕ್ಕಮ್ಮನೋ ಅತ್ತೆಯೋ, ಇಂಗ್ಲಿಷಿನಲ್ಲಿ ಅದು ಗೊತ್ತಾಗುವುದೇ ಇಲ್ಲ.) ಚೇತರಿಸಿಕೊಂಡು 2010ರಲ್ಲಿ ವರ್ಜೀನಿಯಾದಲ್ಲಿ 'ಫೈನಲ್ ಸಲ್ಯೂಟ್' ಅಂತ ಸಂಸ್ಥೆ ಕಟ್ಟಿದರು. ಮಾಜಿ ಸೈನಿಕ ಹೆಂಗಸರಿಗೆ, ಮಕ್ಕಳ ಸಮೇತ, ಮನೆ. ಶೆಲ್ಟರ್ ಥರ ದೊಡ್ಡ ಹಾಲ್‌ನಲ್ಲಿ ಸಾಲು ಮಂಚ ಹಾಕಿದ್ದಲ್ಲ, ಅಡಿಗೆಮನೆ ಇರುವ ಮನೆ.

ಆ ಸೋಫಾದ ಮೇಲೆ ಮಲಗಿದ್ದ ಬೂತ್ ನಾನು ಹೇಳಿದ ಜನವರಿ ರಾತ್ರಿಯ ಲೆಕ್ಕದಲ್ಲಿ ಬರುತ್ತಿರಲಿಲ್ಲ. ವಸತಿ ಇಲಾಖೆಯ ಪ್ರಕಾರ ಬೇರೆಯವರ ಮನೆಯಲ್ಲಿ ಮಲಗಿದವರು ಆ ಲೆಕ್ಕಕ್ಕೆ ಸೇರುವುದಿಲ್ಲ. ಬೀದಿ, ಕಾರು, ಶೆಲ್ಟರು, ಇಷ್ಟೇ. ತಮಾಷೆ ಏನು ಗೊತ್ತಾ, ಅದೇ ದೇಶದ ಶಿಕ್ಷಣ ಇಲಾಖೆ ಸೋಫಾವನ್ನೂ ಎಣಿಸುತ್ತದೆ. ಬಾಡಿಗೆ ಕಟ್ಟಲಾಗದೆ ನೆಂಟರ ಮನೆಯಲ್ಲಿ ಒತ್ತರಿಸಿಕೊಂಡಿರುವ ಮಗು ಅವರ ಲೆಕ್ಕದಲ್ಲಿ ಮನೆಯಿಲ್ಲದ ಮಗುವೇ. ಅವರು ಎಣಿಸುವುದು ಇಡೀ ವರ್ಷದ್ದು, ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ. ಆದರೂ ಕೇಳಿ. ವಸತಿ ಇಲಾಖೆಯ ಒಂದು ರಾತ್ರಿಯಲ್ಲಿ ಮಕ್ಕಳು ಸುಮಾರು ಒಂದೂವರೆ ಲಕ್ಷ. ಶಾಲೆಗಳ ಒಂದು ವರ್ಷದ ಲೆಕ್ಕದಲ್ಲಿ ಸುಮಾರು 14 ಲಕ್ಷ. ಅದರಲ್ಲಿ ಮುಕ್ಕಾಲು ಪಾಲು ಹೀಗೆ ನೆಂಟರಿಷ್ಟರ ಮನೆಯಲ್ಲಿರುವವರು.

ಹೆಂಗಸರು ಯಾಕೆ ಲೆಕ್ಕಕ್ಕೆ ಸಿಗುವುದಿಲ್ಲ ಅಂದರೆ, ಮಗು ಇರುವವಳು ಅಡಗಿಕೊಳ್ಳುತ್ತಾಳೆ. ಗಂಡಸು ಸೇತುವೆ ಕೆಳಗೆ ಕೂತು ರಟ್ಟಿನ ಮೇಲೆ 'ಮಾಜಿ ಸೈನಿಕ, ಸಹಾಯ ಮಾಡಿ' ಅಂತ ಬರೆದುಕೊಳ್ಳಬಹುದು. ತಾಯಿ ಹಾಗೆ ಮಾಡಲಾರಳು. ಮಕ್ಕಳ ರಕ್ಷಣೆ ಇಲಾಖೆಯವರು ಬಂದರೆ? ಬರೀ ಮನೆಯಿಲ್ಲ ಅನ್ನುವುದೊಂದಕ್ಕೇ ಮಗುವನ್ನು ಕಿತ್ತುಕೊಂಡು ಹೋಗಬಾರದು, ನಿಜ. ರಾತ್ರಿ ಎರಡು ಗಂಟೆಗೆ ಕಾರಿನೊಳಗೆ ಕೂತವಳಿಗೆ ಆ ಮಾತಿನಿಂದ ಧೈರ್ಯ ಬರುವುದಿಲ್ಲ. ಹಾಗಾಗಿ ಟವೆಲ್ಲು ಸಿಕ್ಕಿಸುತ್ತಾಳೆ. ಜಿಮ್‌ನಲ್ಲಿ ಸದಸ್ಯತ್ವ ಮಾಡಿಸಿ ಅಲ್ಲಿ ಸ್ನಾನ ಮಾಡಿಸುತ್ತಾಳೆ. ಲೈಬ್ರರಿಯಲ್ಲಿ ಹೋಂವರ್ಕ್. ನನ್ನ ಹತ್ತಿರ ಬರುತ್ತಿದ್ದಾಕೆ ತನ್ನ ಡಿಡಿ-214 ಅನ್ನು ಮಗನ ಶಾಲೆಯ ಬ್ಯಾಗಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಲೆಕ್ಕದ ಪುಸ್ತಕದ ಹಿಂದೆ ಇಟ್ಟಿದ್ದಳು. ಡಿಡಿ-214 ಅಂದರೆ ನಿಮ್ಮ ಡಿಸ್ಚಾರ್ಜ್ ಬುಕ್ ಇದ್ದ ಹಾಗೆ, ಅದಿಲ್ಲದೆ ಯಾವ ಬಾಗಿಲೂ ತೆರೆಯುವುದಿಲ್ಲ. ಯಾಕೆ ಅಲ್ಲಿ ಇಟ್ಟಿದ್ದೀಯಾ ಅಂದೆ. "ಕಾರನ್ನು ಎಳೆದುಕೊಂಡು ಹೋದರೂ ಆ ಬ್ಯಾಗು ಅವನ ಬೆನ್ನ ಮೇಲೇ ಇರುತ್ತದೆ" ಅಂದಳು. ಸೈನ್ಯದಲ್ಲಿ ಕಲಿತ ಬುದ್ಧಿ.

ಹಳೇ ಕಥೆಯೊಂದು ನೆನಪಾಗುತ್ತದೆ. ಡೆಬೊರಾ ಸ್ಯಾಂಪ್ಸನ್. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಗಂಡುವೇಷ ಹಾಕಿ, ರಾಬರ್ಟ್ ಅಂತ ಹೆಸರು ಬರೆಸಿ, ಸೈನಿಕನಾಗಿ ಹೋರಾಡಿದವಳು. ಯುದ್ಧ ಮುಗಿದ ಮೇಲೆ ಮದುವೆ, ಮಕ್ಕಳು, ಬಡತನ. ಹೊಟ್ಟೆಪಾಡಿಗೆ 1802ರಲ್ಲಿ ಊರೂರು ತಿರುಗಿ ತನ್ನ ಕಥೆಯ ಭಾಷಣ ಮಾಡಿದಳು. ಪಿಂಚಣಿ ಸಿಗಲು 1805 ಆಯಿತು, ತಿಂಗಳಿಗೆ ನಾಲ್ಕು ಡಾಲರ್. ಮರುವರ್ಷ ತನ್ನ ಪರವಾಗಿ ಶಿಫಾರಸು ಮಾಡಿದ್ದ, ಅದೇ ಸ್ವಾತಂತ್ರ್ಯ ಹೋರಾಟದ ಹೆಸರಾಂತ ವ್ಯಕ್ತಿ ಪಾಲ್ ರಿವೀರ್‌ಗೆ ಕಾಗದ ಬರೆದು ಹತ್ತು ಡಾಲರ್ ಸಾಲ ಕೇಳಿದಳು. ಅವಳು ತೀರಿಕೊಂಡ ಮೇಲೆ ಗಂಡ ಅರ್ಜಿ ಹಾಕಿದ, ಸೈನಿಕನ ವಿಧವೆಗೆ ಕೊಡುವ ಪಿಂಚಣಿ ನನಗೆ ಕೊಡಿ ಅಂತ. 1838ರಲ್ಲಿ ಸಂಸತ್ತು ಒಪ್ಪಿತು. ಅಷ್ಟರಲ್ಲಿ ಅವನೂ ತೀರಿಕೊಂಡಿದ್ದ.

2021ರ ಜನವರಿಯಲ್ಲಿ ಮಾಜಿ ಸೈನಿಕ ಹೆಂಗಸರಿಗಾಗಿ ಬಂದ ಕಾನೂನಿಗೆ ಅವಳದೇ ಹೆಸರು. ಹೊತ್ತು ಮೀರಿ ಬಂದರೂ ಬಂತು. ವಸತಿಗಳಲ್ಲಿ ಮಕ್ಕಳ ತಲೆಗೂ ಒಂದಷ್ಟು ದುಡ್ಡು ಕೊಡುವ ಹಾಗೆ ನಿಯಮವನ್ನೂ ಈಚಿನ ವರ್ಷಗಳಲ್ಲಿ ತಿದ್ದಿದ್ದಾರೆ. ನಿಜವಾಗಿ ಕೆಲಸ ಮಾಡಿದ್ದು ಮಾತ್ರ ವೋಚರ್, ಮನೆಯಿಲ್ಲದ ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಬಾಡಿಗೆ ಚೀಟಿ. 1992ರಲ್ಲಿ ಚಿಕ್ಕದಾಗಿ ಶುರುವಾಗಿ 2008ರಿಂದ ದೊಡ್ಡದಾಯಿತು. ಆದಾಯದಲ್ಲಿ ನೂರಕ್ಕೆ ಸುಮಾರು 30 ಭಾಗ ಬಾಡಿಗೆಗೆ ನೀನು ಕೊಡು, ಉಳಿದದ್ದು ಸರ್ಕಾರದ್ದು. ಜೊತೆಗೆ ಒಬ್ಬ ಸಮಾಜ ಕಾರ್ಯಕರ್ತರು ಮನೆಗೆ ಬಂದು ಹೋಗಿ ಮಾಡುತ್ತಾರೆ. ಕುಟುಂಬದ ಮನೆ, ಮಗು ಒಳಗೇ. ಕುಡಿತ ಬಿಟ್ಟು ಬಾ, ಕೆಲಸ ಹುಡುಕಿಕೊಂಡು ಬಾ ಅಂತ ಮೊದಲೇ ಷರತ್ತು ಹಾಕುವುದಿಲ್ಲ. ಮೊದಲು ಮನೆ, ಆಮೇಲೆ ಉಳಿದದ್ದು. ಇನ್ನೊಂದು ಯೋಜನೆಯಲ್ಲಿ ಅಡ್ವಾನ್ಸು, ಬಾಕಿ ಬಾಡಿಗೆ ಕಟ್ಟಿಕೊಟ್ಟು ಮನೆ ಉಳಿಸಿಕೊಡುತ್ತಾರೆ. ಮನೆ ಕಳೆದುಕೊಂಡವರಿಗೆ ಹುಡುಕಿಕೊಡುವುದಕ್ಕಿಂತ ಇದು ಎಷ್ಟೋ ಅಗ್ಗ.

ತೊಡಕು ಇಲ್ಲವೇ ಅಂದರೆ, ಇದೆ. ವೋಚರ್ ಕೈಗೆ ಬಂದರೂ ಮನೆ ಕೊಡುವ ಮಾಲೀಕ ಸಿಗಬೇಕು, ಸ್ಯಾನ್ ಡಿಯೇಗೋದಂಥ ದುಬಾರಿ ಊರಿನಲ್ಲಿ ಅದೇ ದೊಡ್ಡ ಕೆಲಸ. ಇನ್ನೊಂದು ವಿಚಿತ್ರ ಇತ್ತು. ಸೇವೆಯಲ್ಲಿ ಆದ ಗಾಯಕ್ಕೆ ಬರುವ ಪರಿಹಾರವನ್ನು ಆದಾಯ ಅಂತ ಎಣಿಸುತ್ತಿದ್ದರು. ಗಾಯ ಜೋರಾದಷ್ಟೂ ಪರಿಹಾರ ಜಾಸ್ತಿ. ಪರಿಹಾರ ಜಾಸ್ತಿಯಾದರೆ ಬಡವರ ಮನೆಗೆ ನೀನು ಅರ್ಹಳಲ್ಲ, ನಿನ್ನ ಆದಾಯ ಹೆಚ್ಚಾಯಿತು. 2024ರ ಆಗಸ್ಟಿನಲ್ಲಿ ಅರ್ಹತೆ ನೋಡುವಾಗ ಅದನ್ನು ಎಣಿಸಬಾರದು ಅಂತ ವೋಚರ್ ಯೋಜನೆಯ ನಿಯಮ ಬದಲಾಯಿಸಿದರು.

ಕೊನೆಗೆ ಒಂದು ಪ್ರಶ್ನೆ ಬಂದದ್ದು ಎನ್‌ಸಿಸಿ ಯೂನಿಫಾರ್ಮಿನಲ್ಲಿ ಬಂದಿದ್ದ ಹುಡುಗಿಯಿಂದ. ಹತ್ತನೇ ಕ್ಲಾಸಿರಬೇಕು.

"ಮೇಡಂ, ಕಾರಲ್ಲಿ ಇರೋ ಆ ಮಗು ಸ್ಕೂಲಿಗೆ ಹೋಗುತ್ತಾ?"

ಹೋಗುತ್ತದೆ. 1987ರ ಕಾನೂನೊಂದು ಅದಕ್ಕಿದೆ. ವಿಳಾಸವಿಲ್ಲ, ದಾಖಲೆಯಿಲ್ಲ ಅಂತ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಕಾರು ಊರಿನ ಯಾವ ಮೂಲೆಯಲ್ಲಿ ನಿಂತಿದ್ದರೂ ಮಗು ತನ್ನ ಹಳೇ ಶಾಲೆಯಲ್ಲೇ ಮುಂದುವರಿಯಬಹುದು, ಕರೆತರುವ ಜವಾಬ್ದಾರಿ ಶಾಲೆಯವರದು. ಬಸ್ಸು ಬರುತ್ತದೆ. ಕೆಲವು ಕಡೆ ಶಾಲೆಯವರು ಇನ್ನೊಂದು ಜಾಣತನ ಮಾಡುತ್ತಾರೆ. ಬಸ್ಸಿನ ದಾರಿಯನ್ನೇ ತಿರುಗಿಸಿ, ಬೆಳಿಗ್ಗೆ ಈ ಮಗುವನ್ನು ಎಲ್ಲರಿಗಿಂತ ಮೊದಲು ಹತ್ತಿಸಿಕೊಳ್ಳುತ್ತಾರೆ. ಸಂಜೆ ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಸುತ್ತಾರೆ. ಅದು ಎಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಬಸ್ಸಿನಲ್ಲಿರುವ ಬೇರೆ ಯಾವ ಮಗುವಿಗೂ ಕಾಣುವುದಿಲ್ಲ.